ಅವರಿಗೆ ಮೆಟ್ರೊ, ನಮಗೆ ಬಿರಿದ ನೆಲ: ಈ ಜೋಡಿ ಚಿತ್ರದಲ್ಲಿ ಏನು ತಪ್ಪಿದೆ?

ಕಳೆದ ವಾರ ವಿಜಯಪುರದ ಸ್ಟೇಷನ್ ರಸ್ತೆಯ ಒಂದು ಫ್ಲೆಕ್ಸ್ ಅಂಗಡಿಗೆ ಹೋಗಿದ್ದೆ. ಅಕ್ಕನ ಮಗನ ಜಾವಳದ ಬ್ಯಾನರ್ ಮಾಡಿಸಬೇಕಿತ್ತು. ನನಗಿಂತ ಮುಂಚೆ ಬಂದ ಆರ್ಡರ್ ಒಂದು ಕಂಪ್ಯೂಟರ್ ಪರದೆ ಮೇಲೆ ತೆರೆದಿತ್ತು. ಹತ್ತಡಿ ಅಗಲದ ಬ್ಯಾನರ್, ನಡುವೆ ಒಂದು ದಪ್ಪ ಗೆರೆ. ಎಡಕ್ಕೆ ಬೆಂಗಳೂರು: ಮೆಟ್ರೊ, ಗಾಜಿನ ಕಟ್ಟಡ, ಲ್ಯಾಪ್‌ಟಾಪ್ ಹಿಡಿದ ಹುಡುಗ. ಬಲಕ್ಕೆ ನಾವು: ಬಿರಿದ ನೆಲ, ಒಣಗಿದ ಒಂಟಿ ಮರ, ತಲೆ ಮೇಲೆ ಕೊಡ ಹೊತ್ತ ಮುದುಕಿ. ಮೇಲೆ ದಪ್ಪಕ್ಷರದಲ್ಲಿ ‘ಅದು ಅವರ ಕರ್ನಾಟಕ, ಇದು ನಮ್ಮ ಕರ್ನಾಟಕ’. ಯಾವುದೋ ಸಂಘಟನೆಯ ಧರಣಿಗೆ ಅಂತೆ.

ನೋಡುತ್ತಾ ನಿಂತಾಗ ಏನೋ ಸರಿಯಿಲ್ಲ ಅನ್ನಿಸಿತು. ಆಮೇಲೆ ಗೊತ್ತಾಯಿತು, ಬಲಗಡೆಯ ಮಣ್ಣು ಕೆಂಪಗಿತ್ತು.

‘ತಮ್ಮಾ, ಈ ಮಣ್ಣ ಎಲ್ಲಿದು?’ ಅಂದೆ.

‘ಎಐದಾಗ ಮಾಡೀನ್ರಿ ಸರ. ಉತ್ತರ ಕರ್ನಾಟಕದ ಬರ ಅಂತ ಟೈಪ್ ಮಾಡಿದೆ, ಇದು ಬಂತು.’

‘ನಮ್ಮ ಕಡೆ ಎರಿ ಮಣ್ಣಲ್ಲೇನು?’

‘ಹೌದ್ರಿ, ಕರಿ ಮಣ್ಣೂ ಹಾಕಿ ನೋಡೀನಿ. ಫ್ಲೆಕ್ಸ್‌ದಾಗ ಬರೇ ಕತ್ತಲಿ ಆದಂಗ ಕಾಣತದ. ಕೆಂಪ ಇದ್ರ ಎದ್ದ ಕಾಣತದ ನೋಡ್ರಿ.’

ಹುಡುಗನನ್ನು ಬೈಯುವ ಹಾಗಿಲ್ಲ, ಅವನ ಕೆಲಸ ಎದ್ದು ಕಾಣಿಸುವುದು. ಆದರೆ ಡೋಣಿ ಹೊಳೆಯ ಬಯಲಿನ ಎರೆಹೊಲದಲ್ಲಿ ಬಿಳಿಜೋಳ ಬೆಳೆಯುವ ಜಿಲ್ಲೆಯವರು, ತಮ್ಮ ಹಕ್ಕು ಕೇಳಲು ಹೋಗುವಾಗ ಹಿಡಿಯುವ ಚಿತ್ರದಲ್ಲಿ ತಮ್ಮ ಮಣ್ಣೇ ಇಲ್ಲ. ಇದನ್ನು ಬಣ್ಣದ ತಪ್ಪು ಅಂತ ಬಿಟ್ಟುಬಿಡುವುದು ಕಷ್ಟ.

ಜೋಡಿ ಚಿತ್ರ ಯಾಕೆ ಕೆಲಸ ಮಾಡುತ್ತೆ?

ಎರಡು ಸಮಾಜಗಳ ದಿನನಿತ್ಯದ ಬದುಕನ್ನು ಪಕ್ಕಪಕ್ಕ ಇಟ್ಟು ತೋರಿಸುವ ಚಿತ್ರಗಳು ಈಗ ಎಲ್ಲೆಲ್ಲೂ ಇವೆ. ಜಪಾನ್ ರೈಲು–ನಮ್ಮ ರೈಲು, ಹಳ್ಳಿ ಮದುವೆ–ಸಿಟಿ ಮದುವೆ, ಬೆಂಗಳೂರು–ಹುಬ್ಬಳ್ಳಿ. ಮೂರು ಸೆಕೆಂಡ್‌ನಲ್ಲಿ ಅರ್ಥ ಆಗುತ್ತೆ, ನಗು ಬರುತ್ತೆ ಇಲ್ಲ ಸಿಟ್ಟು ಬರುತ್ತೆ, ಫಾರ್ವರ್ಡ್ ಆಗುತ್ತೆ. ಬೆಂಗಳೂರಲ್ಲಿ ಎಂಜಿನಿಯರಿಂಗ್ ಓದುವಾಗ ನಾನೂ ಇಂಥವನ್ನು ಮಾಡಿ ಹಾಸ್ಟೆಲ್ ಗ್ರೂಪಿಗೆ ಹಾಕಿದವನೇ. ಆಗ ನನ್ನ ಬಲಗಡೆಯ ಚಿತ್ರದಲ್ಲೂ ಬಿರಿದ ನೆಲವೇ ಇತ್ತು.

ಈ ಪ್ರಕಾರವನ್ನು ನಿಜಕ್ಕೂ ಚೆನ್ನಾಗಿ ಮಾಡಿ ತೋರಿಸಿದವರಲ್ಲಿ ಯಾಂಗ್ ಲಿಯು ಒಬ್ಬರು. 1976ರಲ್ಲಿ ಬೀಜಿಂಗ್‌ನಲ್ಲಿ ಹುಟ್ಟಿ, ಹದಿಹರೆಯದಲ್ಲಿ ಜರ್ಮನಿಗೆ ಹೋದ ಡಿಸೈನರ್. 2007ರಲ್ಲಿ ‘ಪೂರ್ವ ಪಶ್ಚಿಮವನ್ನು ಭೇಟಿಯಾದಾಗ’ ಎಂಬರ್ಥದ ಹೆಸರಿನ ಪುಟ್ಟ ಪುಸ್ತಕ ತಂದರು. ಒಂದು ಪುಟ ನೀಲಿ, ಅದು ಜರ್ಮನಿ. ಎದುರು ಪುಟ ಕೆಂಪು, ಅದು ಚೀನಾ. ಚಿತ್ರಗಳು ಟ್ರಾಫಿಕ್ ಸಿಗ್ನಲ್‌ನ ಗುರುತುಗಳಷ್ಟು ಸರಳ. ಅಭಿಪ್ರಾಯ ಹೇಳುವುದು ಹೇಗೆ? ನೀಲಿಯಲ್ಲಿ ನೇರ ಗೆರೆ, ಕೆಂಪಲ್ಲಿ ಸುತ್ತಿ ಬಳಸಿ ಹೋಗುವ ಗೆರೆ. ಸಾಲಿನಲ್ಲಿ ನಿಲ್ಲುವುದು ಹೇಗೆ? ನೀಲಿಯಲ್ಲಿ ಚುಕ್ಕೆಗಳ ಸಾಲು, ಕೆಂಪಲ್ಲಿ ಚುಕ್ಕೆಗಳ ಗುಂಪು. ವಯಸ್ಸಾದವರು ಹೊರಗೆ ಹೋಗುವುದು ಯಾರ ಜೊತೆ? ಒಂದು ಕಡೆ ನಾಯಿ ಜೊತೆ, ಇನ್ನೊಂದು ಕಡೆ ಮೊಮ್ಮಗುವಿನ ಜೊತೆ.

ನನಗೆ ಹಿಡಿಸಿದ್ದು ಓಡಾಟದ ವಾಹನದ ಜೋಡಿ. ಜರ್ಮನ್ನರು ಹಿಂದೆ ಕಾರಿನಲ್ಲಿ, ಈಗ ಸೈಕಲ್ ಮೇಲೆ. ಚೀನೀಯರು ಹಿಂದೆ ಸೈಕಲ್ ಮೇಲೆ, ಈಗ ಕಾರಿನಲ್ಲಿ. ಇಲ್ಲಿ ಯಾರೂ ಮುಂದುವರಿದವರಲ್ಲ, ಯಾರೂ ಹಿಂದುಳಿದವರಲ್ಲ. ಇಬ್ಬರೂ ಚಲಿಸುತ್ತಿದ್ದಾರೆ, ದಿಕ್ಕು ಬೇರೆ.

ಆ ಪುಸ್ತಕದ ಬಗ್ಗೆ ತಕರಾರೂ ಇದೆ. ನೂರು ಕೋಟಿ ದಾಟಿದ ಜನರನ್ನು ಒಂದು ಕೆಂಪು ಪುಟಕ್ಕೆ ಇಳಿಸಿದರೆ ರೈತ, ಫ್ಯಾಕ್ಟರಿ ಹುಡುಗಿ, ಶಾಂಘೈ ಶ್ರೀಮಂತ ಎಲ್ಲರೂ ಒಂದೇ ಚುಕ್ಕೆ ಆಗುತ್ತಾರೆ. ಆದರೂ ಅವರು ಎರಡು ನಿಯಮ ಬಿಟ್ಟಿಲ್ಲ. ಎರಡೂ ಪುಟದಲ್ಲಿ ವಿಷಯ ಒಂದೇ, ರೇಖೆಯ ದಪ್ಪವೂ ಒಂದೇ. ಜೊತೆಗೆ, ಬರೆದವರು ಎರಡೂ ಕಡೆ ಬಾಳಿದವರು.

ನಮ್ಮ ಫ್ಲೆಕ್ಸ್‌ನಲ್ಲಿ ಈ ನಿಯಮಗಳು ಮುರಿದಿವೆ. ಎಡಗಡೆ ಸಾರಿಗೆ, ಬಲಗಡೆ ಹವಾಮಾನ. ಎಡಗಡೆ ಇಪ್ಪತ್ತೈದರ ಯುವಕ, ಬಲಗಡೆ ಎಪ್ಪತ್ತರ ಮುದುಕಿ. ಎಡಗಡೆ ಒಂದು ಕೆಲಸದ ದಿನ, ಬಲಗಡೆ ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನ. ಕಾಲೇಜಲ್ಲಿ ಎರಡು ಗ್ರಾಫ್‌ಗೆ ಬೇರೆ ಬೇರೆ ಸ್ಕೇಲ್ ಹಾಕಿ ಪಕ್ಕಪಕ್ಕ ಇಟ್ಟರೆ ನಮ್ಮ ಸರ್ ಮಾರ್ಕ್ಸ್ ಕೊಡುತ್ತಿರಲಿಲ್ಲ. ಇದೂ ಅದೇ.

ಇನ್ನು ಆ ಬಿರಿದ ನೆಲ. ಎರೆಮಣ್ಣು ಬೇಸಿಗೆಯಲ್ಲಿ ಬಿರಿಯುವುದು ಅದರ ಗುಣ. ಅದರಲ್ಲಿರುವ ಜೇಡಿ ನೀರು ಕುಡಿದಾಗ ಉಬ್ಬುತ್ತೆ, ಒಣಗಿದಾಗ ಕುಗ್ಗುತ್ತೆ. ಒಳ್ಳೆ ಮಳೆಯಾದ ವರ್ಷದಲ್ಲೂ ಏಪ್ರಿಲ್ ಹೊತ್ತಿಗೆ ಎರೆಹೊಲದಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು ಇರುತ್ತೆ. ರೈತನಿಗೆ ಅದು ಗಾಬರಿಯ ಸಂಗತಿ ಅಲ್ಲ. ಮಳೆ ಬಂದಾಗ ನೀರು ಆಳಕ್ಕೆ ಇಳಿಯುವುದು ಅದೇ ಬಿರುಕಿನಿಂದ. ಹೊರಗಿನವರಿಗೆ ಬರದ ಗುರುತಾಗಿ ಕಾಣುವುದು ನಮಗೆ ಕ್ಯಾಲೆಂಡರ್‌ನ ಒಂದು ಪುಟ. ಬರ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಬರ ಬಿದ್ದ ವರ್ಷ ಅದು ಮೊದಲು ಕಾಣುವುದು ಮೇವಿನ ಬಣವಿಯಲ್ಲಿ, ದನದ ಸಂತೆಯಲ್ಲಿ, ಬೀಗ ಬಿದ್ದ ತಾಂಡಾದ ಮನೆಗಳಲ್ಲಿ.

ನೋಡುವವರು ಯಾರು, ಬರೆಯುವವರು ಯಾರು?

ಈ ಚಟ ಹೊಸದಲ್ಲ. 1583ರಲ್ಲಿ ಗೋವಾಕ್ಕೆ ಬಂದ ಡಚ್ಚರ ಯಾನ್ ಹೌಖೆನ್ ಫಾನ್ ಲಿನ್ಸ್‌ಖೋಟೆನ್ ಅಲ್ಲಿನ ಆರ್ಚ್‌ಬಿಷಪ್ ಹತ್ತಿರ ಕಾರ್ಯದರ್ಶಿಯಾಗಿ ಕೆಲಸ ಮಾಡಿ, ಊರಿಗೆ ಮರಳಿ 1596ರಲ್ಲಿ ‘ಇಟಿನೆರಾರಿಯೊ’ ಪ್ರಕಟಿಸಿದ. ಅದರ ತಾಮ್ರಫಲಕದ ಚಿತ್ರಗಳಲ್ಲಿ ಪಲ್ಲಕ್ಕಿಯಲ್ಲಿ ಕುಳಿತ ಪೋರ್ಚುಗೀಸರಿದ್ದಾರೆ, ಅವರ ಹೆಂಗಸರಿದ್ದಾರೆ, ಸಂತೆ ಇದೆ, ‘ಕನಾರಿ’ ಎಂದು ಅವನು ಕರೆದ ಇಲ್ಲಿನ ರೈತಾಪಿ ಜನರಿದ್ದಾರೆ. ಗೋವಾದ ಆಚೆಯ ಒಳನಾಡು ಆಗ ವಿಜಯಪುರದ ಆದಿಲಶಾಹಿಗಳದ್ದು. ಯುರೋಪಿನ ಓದುಗರು ಎಷ್ಟೋ ಕಾಲ ಈ ಕಡೆಯ ಜನರನ್ನು ಕಲ್ಪಿಸಿಕೊಂಡಿದ್ದು ಇಂಥ ಪುಟಗಳಿಂದ. ಅವರೆಲ್ಲ ಪಲ್ಲಕ್ಕಿ ಹೊರುವವರು ಇಲ್ಲ ಮೈಮೇಲೆ ಬಟ್ಟೆ ಕಡಿಮೆ ಇರುವವರು.

ಅದೇ ಕಾಲದ ಆಸುಪಾಸಿನಲ್ಲಿ ಇಲ್ಲಿಂದಲೂ ಒಬ್ಬರು ಅತ್ತ ನೋಡುತ್ತಿದ್ದರು. ವಿಜಯಪುರದಿಂದ ಪೂರ್ವಕ್ಕೆ ಹದಿನೈದು ಹದಿನಾರು ಕಿಲೋಮೀಟರ್ ದೂರದ ಕುಮಟಗಿಯಲ್ಲಿ ಆದಿಲಶಾಹಿಗಳ ಜಲಮಂಟಪ ಇದೆ. ಅದರ ಗೋಡೆ ಮೇಲೆ ಕುಸ್ತಿ ಆಡುವವರು, ಕುದುರೆ ಮೇಲೆ ಪೋಲೊ ಆಡುವವರು ಇದ್ದರು. ಜೊತೆಗೆ ಯುರೋಪಿನ ಉಡುಪು ತೊಟ್ಟವರೂ ಇದ್ದರು. ಪುರಾತತ್ವ ಇಲಾಖೆಯ ಹೆನ್ರಿ ಕಸಿನ್ಸ್ 1916ರಲ್ಲಿ ಪ್ರಕಟಿಸಿದ ವಿಜಯಪುರದ ಕಟ್ಟಡಗಳ ಗ್ರಂಥದಲ್ಲಿ ಆ ಚಿತ್ರಗಳ ದಾಖಲೆ ಇದೆ. ಈಗ ಗೋಡೆ ಮೇಲೆ ಉಳಿದಿರುವುದು ಬಹಳ ಕಡಿಮೆ. ಲಿನ್ಸ್‌ಖೋಟೆನ್ ಪುಸ್ತಕ ಪ್ರೆಸ್ಸಿನಲ್ಲಿ ಮತ್ತೆ ಮತ್ತೆ ಅಚ್ಚಾಯಿತು. ನಮ್ಮ ಚಿತ್ರಗಾರ ಕಂಡ ಯುರೋಪಿಯನ್ ಒಂದೇ ಗೋಡೆ ಮೇಲೆ ಇದ್ದ, ಮಳೆಗಾಳಿಗೆ ಅಳಿಸಿಹೋದ. ಯಾರ ಚಿತ್ರ ಹೆಚ್ಚು ಸಲ ನಕಲಾಗುತ್ತೋ ಅದೇ ನಿಜ ಅನ್ನಿಸಿಕೊಳ್ಳುತ್ತೆ.

ಎಐ ಈಗ ಆ ನಕಲಿನ ಯಂತ್ರ. 2023ರಲ್ಲಿ ‘ರೆಸ್ಟ್ ಆಫ್ ವರ್ಲ್ಡ್’ ಎಂಬ ಸುದ್ದಿತಾಣ ಮಿಡ್‌ಜರ್ನಿ ಬಳಸಿ ಹಲವು ದೇಶಗಳ 3,000 ಚಿತ್ರ ಮಾಡಿಸಿ ನೋಡಿತು. ‘ಭಾರತೀಯ ವ್ಯಕ್ತಿ’ ಅಂತ ಕೇಳಿದರೆ ಹೆಚ್ಚುಕಡಿಮೆ ಪ್ರತಿ ಸಲವೂ ಬಂದಿದ್ದು ಗಡ್ಡ ಬಿಟ್ಟ ವಯಸ್ಸಾದ ಗಂಡಸು. ಯಂತ್ರಕ್ಕೆ ನಮ್ಮ ಮೇಲೆ ದ್ವೇಷ ಇಲ್ಲ. ಇಂಟರ್ನೆಟ್ಟಿನಲ್ಲಿ ಯಾವುದು ಹೆಚ್ಚು ಇದೆಯೋ ಅದರ ಸರಾಸರಿ ಕೊಡುತ್ತೆ ಅಷ್ಟೆ. ವಿಜಯಪುರದ ಎರೆಹೊಲದ ಫೋಟೊ ಅದರ ಹೊಟ್ಟೆಗೆ ಹೋಗಿರುವುದು ಕಡಿಮೆ. ಹಾಗಾಗಿ ಎಲ್ಲಿಯದೋ ಬರವನ್ನು ನಮ್ಮ ಹೆಸರಲ್ಲಿ ಕೊಟ್ಟಿತು. ಅಚ್ಚರಿ ಏನೆಂದರೆ ನಾವು ಅದನ್ನು ತೆಗೆದುಕೊಂಡೆವು. ಮೊದಲು ಹೊರಗಿನವರು ಬಂದು ನಮ್ಮನ್ನು ತಪ್ಪಾಗಿ ಬರೆಯುತ್ತಿದ್ದರು. ಈಗ ದುಡ್ಡು ಕೊಟ್ಟು ನಾವೇ ಬರೆಸಿಕೊಳ್ಳುತ್ತಿದ್ದೇವೆ.

ಒಂದೇ ರಸ್ತೆ, ಬೇರೆ ಬೇರೆ ಮನೆ

ಸ್ವೀಡನ್ನಿನ ಗ್ಯಾಪ್‌ಮೈಂಡರ್ ಸಂಸ್ಥೆಯ ಅನ್ನಾ ರೋಸ್ಲಿಂಗ್ ರೊನ್‌ಲುಂಡ್ ಅವರದ್ದು ಇದಕ್ಕೆ ಉಲ್ಟಾ ಉಪಾಯ. ಅವರ ‘ಡಾಲರ್ ಸ್ಟ್ರೀಟ್’ನಲ್ಲಿ ಇಡೀ ಜಗತ್ತು ಒಂದು ರಸ್ತೆ. ಒಂದು ತುದಿಯಲ್ಲಿ ಅತಿ ಬಡವರ ಮನೆ, ಇನ್ನೊಂದು ತುದಿಯಲ್ಲಿ ಅತಿ ಶ್ರೀಮಂತರ ಮನೆ. ಹತ್ತಾರು ದೇಶಗಳ ಮನೆಗಳಿಗೆ ಹೋಗಿ ಒಲೆ, ಹಾಸಿಗೆ, ಹಲ್ಲುಜ್ಜುವ ಬ್ರಷ್, ಕಕ್ಕಸು ಹೀಗೆ ಒಂದೇ ಪಟ್ಟಿಯ ವಸ್ತುಗಳ ಫೋಟೊ ತೆಗೆಸಿ ಆದಾಯದ ಕ್ರಮದಲ್ಲಿ ಜೋಡಿಸಿದ್ದಾರೆ. ನೋಡಿದಾಗ ಗೊತ್ತಾಗುವುದು ಇದು: ಒಂದೇ ಆದಾಯದ ಚೀನಾ ಮನೆ ಮತ್ತು ಆಫ್ರಿಕಾದ ಮನೆಯ ಒಲೆ ಅಣ್ಣತಮ್ಮರ ಹಾಗಿರುತ್ತೆ. ಒಂದೇ ದೇಶದ ಶ್ರೀಮಂತ ಮತ್ತು ಬಡವನ ಒಲೆ ಬೇರೆ ಬೇರೆ ಲೋಕದ್ದು.

ಅಂಥ ರಸ್ತೆ ನೋಡಲು ಸ್ವೀಡನ್ನಿನ ಸೈಟಿಗೆ ಹೋಗಬೇಕಿಲ್ಲ. ನಮ್ಮ ಸ್ಟೇಷನ್ ರಸ್ತೆಯಲ್ಲಿ ಬೆಳಗ್ಗೆ ಒಂದು ಸಲ ನಡೆದರೆ ಸಾಕು. ಗೋಳಗುಮ್ಮಟದ ಎದುರು ಸವಾರಿಗೆ ಕಾದ ಟಾಂಗಾದವ. ಅದೇ ಗೇಟಿನ ಮುಂದೆ ಕಾರಿನಿಂದ ಇಳಿದು ಸೆಲ್ಫಿ ತೆಗೆಯುವ ಕುಟುಂಬ. ಟಿಕೋಟಾ ಕಡೆಯಿಂದ ಬುಲೆಟ್ ಮೇಲೆ ಬಂದ ದ್ರಾಕ್ಷಿ ಬೆಳೆಗಾರನ ಮಗ. ಸ್ಟೇಷನ್ ಕಡೆ ಹೊರಟ, ಪ್ಲಾಸ್ಟಿಕ್ ಚೀಲದಲ್ಲಿ ಹಾಸಿಗೆ ಸುತ್ತಿಕೊಂಡ ಗಂಡ ಹೆಂಡತಿ, ಹಿಂದೆ ಪಾತ್ರೆಯ ಚೀಲ ಹಿಡಿದ ಮಗಳು. ಇವರೆಲ್ಲ ‘ನಮ್ಮ ಕರ್ನಾಟಕ’ದವರೇ. ಮುದುಕಿಯ ಚಿತ್ರದಲ್ಲಿ ಇವರಲ್ಲಿ ಯಾರಿದ್ದಾರೆ?

ಟಿಕೋಟಾ ಭಾಗವನ್ನೇ ನೋಡಿ. ಫೆಬ್ರವರಿ ಮಾರ್ಚ್‌ನಲ್ಲಿ ಹೋದರೆ ಹಸಿರು ನೆಟ್ ಹೊದಿಸಿದ ಶೆಡ್‌ಗಳಲ್ಲಿ ದ್ರಾಕ್ಷಿ ಒಣಗುತ್ತಿರುತ್ತೆ. ಇಲ್ಲಿನ ಒಣದ್ರಾಕ್ಷಿ ಮಾರಾಟಕ್ಕೆ ಮಹಾರಾಷ್ಟ್ರದ ತಾಸಗಾಂವ್, ಸಾಂಗ್ಲಿಗೂ ಹೋಗುತ್ತೆ. ಮಳೆ ಕೈಕೊಟ್ಟ ವರ್ಷ ಇದೇ ಬೆಳೆಗಾರರು ಬಳ್ಳಿ ಉಳಿಸಿಕೊಳ್ಳಲು ಟ್ಯಾಂಕರ್ ನೀರು ಕೊಂಡು ಹಾಕುತ್ತಾರೆ, ಸಾಲ ಮಾಡುತ್ತಾರೆ. ದ್ರಾಕ್ಷಿ ಬಿಡಿಸಲು ಬರುವ ಹೆಣ್ಣಾಳಿನ ಮನೆಗೆ ಅದೇ ವರ್ಷ ಟ್ಯಾಂಕರ್ ಯಾವಾಗ ಬರುತ್ತೆ ಅನ್ನುವುದು ಬೇರೆ ಪ್ರಶ್ನೆ. ಒಂದೇ ಊರು, ಒಂದೇ ಬರ, ಎರಡು ಚಿತ್ರ. ಬೆಂಗಳೂರನ್ನು ನಡುವೆ ತರದೆಯೂ ಇಲ್ಲಿ ಜೋಡಿ ಚಿತ್ರ ಬರೆಯಬಹುದು. ಆದರೆ ಅದನ್ನು ಧರಣಿಯ ಬ್ಯಾನರ್‌ಗೆ ಯಾರೂ ಹಾಕಿಸುವುದಿಲ್ಲ, ಯಾಕೆಂದರೆ ಅದು ನಮ್ಮೊಳಗೇ ಪ್ರಶ್ನೆ ಎಬ್ಬಿಸುತ್ತೆ.

ಎಡಗಡೆಯ ಬೆಂಗಳೂರೂ ಅಷ್ಟೇ ಸುಳ್ಳು. 2024ರ ಬೇಸಿಗೆಯಲ್ಲಿ ಅದೇ ಐಟಿ ಬಡಾವಣೆಗಳ ಜನ ಟ್ಯಾಂಕರ್ ಮುಂದೆ ಕೊಡ, ಬಕೆಟ್ ಹಿಡಿದು ನಿಂತ ಫೋಟೊಗಳನ್ನು ದೇಶವೇ ನೋಡಿತು. ಅಲ್ಲಿನ ಗಾಜಿನ ಕಟ್ಟಡಗಳ ಪಕ್ಕದ ನೀಲಿ ತಾಡಪತ್ರಿಯ ಶೆಡ್‌ಗಳಲ್ಲಿ ಇರುವವರು ಯಾರು? ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಹೋದವರು ಎಷ್ಟೋ ಮಂದಿ. ಎಡಚಿತ್ರದ ಕಟ್ಟಡಕ್ಕೆ ಸೆಂಟ್ರಿಂಗ್ ಕಟ್ಟಿದವನು ಬಲಚಿತ್ರದ ಊರಿನವನು. ನಮ್ಮ ಫ್ಲೆಕ್ಸ್‌ನ ನಡುವಿನ ಆ ದಪ್ಪ ಗೆರೆ ಮುಚ್ಚಿಡುವುದು ಇದನ್ನೇ. ಎರಡು ಸಮಾಜ ಬೇರೆ ಬೇರೆ ನಿಂತಿಲ್ಲ. ಒಂದರ ಬೆವರು ರೈಲು ಹತ್ತಿ ಇನ್ನೊಂದಕ್ಕೆ ಹೋಗುತ್ತೆ, ಅದರ ಒಂದು ಪಾಲು ತಿಂಗಳಿಗೊಮ್ಮೆ ಫೋನ್‌ಪೇ ಮೂಲಕ ವಾಪಸ್ ಬರುತ್ತೆ.

ಗೆರೆ ಎಲ್ಲಿ ಎಳೆಯಬೇಕು? ಲೆಕ್ಕ ಏನು ಹೇಳುತ್ತೆ?

‘ಇದೆಲ್ಲ ಸರಿ, ಆದರೆ ಅನ್ಯಾಯ ಆಗಿರುವುದು ನಿಜ ಅಲ್ವಾ?’ ಅಂತ ನೀವು ಕೇಳಬಹುದು. ಖಂಡಿತ ನಿಜ. ಅದಕ್ಕೇ ಚಿತ್ರ ಸರಿಯಿರಬೇಕು ಅನ್ನುವುದು ನನ್ನ ವಾದ.

ಪ್ರಾದೇಶಿಕ ಅಸಮಾನತೆ ಅಳೆಯಲು ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಿತು. 35 ಮಾನದಂಡ ಇಟ್ಟುಕೊಂಡು ಆಗಿದ್ದ 175 ತಾಲ್ಲೂಕುಗಳನ್ನು ತೂಗಿ, 114 ತಾಲ್ಲೂಕು ಹಿಂದುಳಿದಿವೆ ಅಂದಿತು. ಅದರಲ್ಲಿ ಉತ್ತರ ಕರ್ನಾಟಕದವು 59, ದಕ್ಷಿಣ ಕರ್ನಾಟಕದವು 55. ಅಂದರೆ ಹೆಚ್ಚುಕಡಿಮೆ ಸಮ. ಅತ್ಯಂತ ಹಿಂದುಳಿದ 39 ತಾಲ್ಲೂಕುಗಳನ್ನು ಮಾತ್ರ ನೋಡಿದರೆ ಚಿತ್ರ ಬದಲಾಗುತ್ತೆ: ಉತ್ತರದಲ್ಲಿ 26, ದಕ್ಷಿಣದಲ್ಲಿ 13. ಆ 26ರಲ್ಲೂ 21 ಕಲಬುರಗಿ ವಿಭಾಗದವು, 5 ಬೆಳಗಾವಿ ವಿಭಾಗದವು. ದಕ್ಷಿಣದ ಪಟ್ಟಿಯಲ್ಲಿ ಬೆಂಗಳೂರಿನ ಬಾಗಿಲಲ್ಲೇ ಇರುವ ಕನಕಪುರ, ಮಾಗಡಿ ಇವೆ.

ಈ ಒಂದು ಲೆಕ್ಕಕ್ಕೆ ನಮ್ಮ ಫ್ಲೆಕ್ಸ್‌ನ ಗೆರೆ ಮೂರು ಕಡೆ ಮುರಿಯುತ್ತೆ. ಉತ್ತರ–ದಕ್ಷಿಣ ಎಂಬ ಗೆರೆ ಪೂರ್ತಿ ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ. ಉತ್ತರದೊಳಗೇ ಕಲಬುರಗಿ ಮತ್ತು ಬೆಳಗಾವಿ ವಿಭಾಗದ ನಡುವೆ ದೊಡ್ಡ ಗೆರೆ ಇದೆ. ಬೆಂಗಳೂರಿನಿಂದ ಒಂದೆರಡು ಗಂಟೆ ದೂರದಲ್ಲೂ ಒಂದು ಗೆರೆ ಇದೆ.

ಕಾನೂನು ಎಳೆದ ಗೆರೆ ಇನ್ನೊಂದು. 98ನೇ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಸೇರಿದ 371(ಜೆ) ವಿಧಿಯಿಂದ ಕಲಬುರಗಿ, ಬೀದರ್, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಭಾಗಕ್ಕೆ ಶಿಕ್ಷಣ, ನೌಕರಿಯಲ್ಲಿ ಮೀಸಲಾತಿ, ಪ್ರತ್ಯೇಕ ಅಭಿವೃದ್ಧಿ ಮಂಡಳಿ ಸಿಕ್ಕಿತು. ಹಳೆಯ ಮುಂಬೈ ಪ್ರಾಂತ್ಯದಲ್ಲಿದ್ದ ವಿಜಯಪುರಕ್ಕೆ ಅದು ಇಲ್ಲ. ಜಿಲ್ಲೆಯ ಗಡಿ ದಾಟಿದರೆ ಅದೇ ಎರೆಹೊಲ, ಅದೇ ಜೋಳದ ರೊಟ್ಟಿ, ಆದರೆ ಹುಡುಗರ ಅರ್ಜಿಯ ಕಾಲಂ ಬೇರೆ. ಈ ವ್ಯತ್ಯಾಸ ‘ಬಡ ಉತ್ತರ’ ಎಂಬ ಒಂದೇ ಚಿತ್ರದಲ್ಲಿ ಕಾಣುವುದೇ ಇಲ್ಲ.

ಇನ್ನೊಂದು ಸಂಗತಿ. ನಂಜುಂಡಪ್ಪ ವರದಿ ಬಂದಾಗ ಟಿಕೋಟಾ, ಬಬಲೇಶ್ವರ ತಾಲ್ಲೂಕುಗಳೇ ಇರಲಿಲ್ಲ. ಆಗ ಅವು ವಿಜಯಪುರ ತಾಲ್ಲೂಕಿನ ಭಾಗ. ಜಿಲ್ಲಾ ಕೇಂದ್ರದ ಆಸ್ಪತ್ರೆ, ಕಾಲೇಜು, ಬ್ಯಾಂಕು ಎಲ್ಲ ಆ ತಾಲ್ಲೂಕಿನ ಲೆಕ್ಕಕ್ಕೆ ಸೇರಿದ್ದವು. ನಗರದ ಗೋಳಗುಮ್ಮಟದ ನೆರಳಲ್ಲಿ ಬಬಲೇಶ್ವರದ ಹಳ್ಳಿಯೂ ಸರಾಸರಿಯಲ್ಲಿ ಮುಚ್ಚಿಹೋಗಿತ್ತು. 2024ರಲ್ಲಿ ಪ್ರೊ. ಎಂ. ಗೋವಿಂದ ರಾವ್ ಅಧ್ಯಕ್ಷತೆಯಲ್ಲಿ ಸರ್ಕಾರ ಹೊಸ ಸಮಿತಿ ರಚಿಸಿದ್ದು ಯಾಕೆ ಮುಖ್ಯ ಅಂದರೆ ಇದಕ್ಕೆ. ಹಳೆ ಲೆಕ್ಕದ ನಕ್ಷೆಯೇ ಈಗಿನ ನಕ್ಷೆ ಅಲ್ಲ. ಹೊಸ ತಾಲ್ಲೂಕುಗಳನ್ನು ಬಿಡಿಬಿಡಿಯಾಗಿ ತೂಗಿದರೆ ಮಾತ್ರ ಗೆರೆ ಎಲ್ಲಿದೆ ಎಂದು ಗೊತ್ತಾಗುತ್ತೆ.

ಹಾಗಾದರೆ ಏನು ಬರೆಯೋಣ?

1920ರ ದಶಕದಲ್ಲಿ ವಿಯೆನ್ನಾದ ಒಟ್ಟೊ ನ್ಯೂರಾತ್ ಮತ್ತು ಸಂಗಡಿಗರು ಓದು ಬಾರದ ಕಾರ್ಮಿಕರಿಗೂ ಅಂಕಿಅಂಶ ತಿಳಿಯಲಿ ಎಂದು ಚಿತ್ರಭಾಷೆ ರೂಪಿಸಿದರು. ಅದಕ್ಕೆ ಆಮೇಲೆ ‘ಐಸೊಟೈಪ್’ ಎಂಬ ಹೆಸರು ಬಂತು. ಅದರ ಮೂಲ ನಿಯಮ ಸರಳ: ಹೆಚ್ಚು ಇದೆ ಅಂತ ತೋರಿಸಲು ದೊಡ್ಡ ಚಿತ್ರ ಬರೆಯಬೇಡಿ, ಅದೇ ಅಳತೆಯ ಚಿತ್ರವನ್ನು ಹೆಚ್ಚು ಸಲ ಬರೆಯಿರಿ. ಆಗ ನೋಡಿದವರು ಎಣಿಸಬಹುದು, ಎಣಿಸಿ ತಪ್ಪಿದ್ದರೆ ಕೇಳಬಹುದು.

ನಮ್ಮ ಧರಣಿಗಳಿಗೂ ಇಂಥ ಚಿತ್ರ ಬೇಕು. ರಾತ್ರಿ ಹತ್ತಕ್ಕೆ ಎದೆನೋವು ಬಂದರೆ ಆಂಜಿಯೊಪ್ಲಾಸ್ಟಿ ಮಾಡುವ ಆಸ್ಪತ್ರೆ ಮುಟ್ಟಲು ಎಷ್ಟು ಕಿಲೋಮೀಟರ್: ಎಡಗಡೆ ಜಯನಗರ, ಬಲಗಡೆ ಟಿಕೋಟಾದ ಒಂದು ಹಳ್ಳಿ. ಡಿಗ್ರಿ ಓದುವ ಹುಡುಗಿಗೆ ಸಂಜೆ ಕೊನೇ ಬಸ್ ಎಷ್ಟು ಗಂಟೆಗೆ: ಎಡಗಡೆ ಕೆಂಗೇರಿ, ಬಲಗಡೆ ಬಬಲೇಶ್ವರ. ವರ್ಷದ ಹನ್ನೆರಡು ತಿಂಗಳಲ್ಲಿ ಮನೆಗೆ ಬೀಗ ಬೀಳುವ ತಿಂಗಳು ಎಷ್ಟು: ಎಡಗಡೆ ದ್ರಾಕ್ಷಿ ತೋಟದ ಮನೆ, ಬಲಗಡೆ ತಾಂಡಾದ ಮನೆ. ಒಂದೇ ಪ್ರಶ್ನೆ, ಒಂದೇ ಹೊತ್ತು, ಒಂದೇ ಅಳತೆ.

ಇದರಿಂದ ಏನು ಲಾಭ? ಚಿತ್ರ ಬದಲಾದರೆ ಬೇಡಿಕೆ ಬದಲಾಗುತ್ತೆ. ಮುದುಕಿಯ ಚಿತ್ರ ಹಿಡಿದು ಹೋದರೆ ಸರ್ಕಾರ ಕೊಡುವುದು ಕನಿಕರ, ಜೊತೆಗೆ ಒಂದು ‘ಪ್ಯಾಕೇಜ್’ ಎಂಬ ಘೋಷಣೆ. ಬೆಳಗಾವಿ ಅಧಿವೇಶನ ಮುಗಿದ ಮೇಲೆ ಅದನ್ನು ಯಾರೂ ಅಳೆಯಲಾರರು, ಯಾಕೆಂದರೆ ಕೇಳಿದ್ದೇ ಅಳತೆ ಇಲ್ಲದ್ದು. ಕೊನೇ ಬಸ್ಸಿನ ಚಿತ್ರ ಹಿಡಿದು ಹೋದರೆ ಕೇಳುವುದು ಒಂದು ಬಸ್ಸು. ಕೊಟ್ಟರೋ ಇಲ್ಲವೋ ಅಂತ ಮುಂದಿನ ತಿಂಗಳೇ ಸ್ಟ್ಯಾಂಡಿನಲ್ಲಿ ನಿಂತು ನೋಡಬಹುದು. ಇಷ್ಟು ವರ್ಷ ನಮ್ಮ ಪ್ರತಿನಿಧಿಗಳಿಗೆ ಬಿರಿದ ನೆಲದ ಚಿತ್ರ ಅನುಕೂಲವಾಗಿರುವುದು ಇದಕ್ಕೇ ಇರಬೇಕು. ಅದು ಎಲ್ಲ ತಪ್ಪನ್ನೂ ಮಳೆಗೆ ಮತ್ತು ಬೆಂಗಳೂರಿಗೆ ಹೊರಿಸುತ್ತೆ. ಸ್ವಂತ ಕ್ಷೇತ್ರದ ಶಾಸಕರ ಹೆಸರು ಅದರಲ್ಲಿ ಬರುವುದೇ ಇಲ್ಲ.

ಅಂಗಡಿಯ ಹುಡುಗನಿಗೆ ಇಷ್ಟೆಲ್ಲ ಹೇಳಲಿಲ್ಲ. ಮಣ್ಣು ಕರಿ ಮಾಡು, ಆ ಅಜ್ಜಿ ಬದಲು ನಿಮ್ಮ ಓಣಿಯವರದೇ ಯಾರದಾದರೂ ಫೋಟೊ ಕೇಳಿ ಹಾಕು ಅಂದೆ. ಅವನು ನಕ್ಕ.

‘ಓಣ್ಯಾಗಿನವ್ರು ಇಂಥದಕ್ಕ ಫೋಟೋ ಕೊಡಂಗಿಲ್ರಿ ಸರ. ನಾವೇನ್ ಹಂಗ ಭಿಕಾರಿ ಇದ್ದೀವೇನು ಅಂತಾರ.’

ಸರಿಯಾಗೇ ಹೇಳಿದ. ಧರಣಿಯ ಸಂಘಟಕರು ಬ್ಯಾನರ್ ಪ್ರಿಂಟಿಗೆ ಕೊಡುವ ಮುನ್ನ ಅವನನ್ನೇ ಒಂದು ಮಾತು ಕೇಳಿದ್ದರೆ ಸಾಕಿತ್ತು.